ಪಕ್ಕದ ಸೀಟಣ್ಣ

ಅವಳು ಪಕ್ಕದ ಸೀಟಣ್ಣನನ್ನು ಮೊದಲು ನೋಡಿದ್ದು ಒಂದು ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿ. ಮಧ್ಯಾಹ್ನ ಇಳಿಯುತ್ತಿತ್ತು. ತಗಡಿನ ಬಾಗಿಲ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿಯೊಂದು ನೆಲದ ಎಣ್ಣೆಕಲೆಗಳನ್ನು ದಾಟಿ, ಕೋಣೆಯ ನಡುವೆ ಇಟ್ಟಿದ್ದ ಒಂದು ಕಾರಿನ ಸೀಟಿನ ಬುಡಕ್ಕೆ ಬಂದು ನಿಂತಿತ್ತು. ಸೀಟು ಮಾತ್ರ, ಕಾರಿರಲಿಲ್ಲ. ಮೇಲುಹೊದಿಕೆ ಬಿಚ್ಚಿಸಿಕೊಂಡು, ಹಳದಿ ಸ್ಪಂಜು ತೋರಿಸಿಕೊಂಡು, ಡಾಕ್ಟರ ಮುಂದೆ ಅಂಗಿ ತೆಗೆದು ಕೂತ ರೋಗಿಯ ಹಾಗೆ ಅದು ಕೂತಿತ್ತು. ಅದರೆದುರು ಮಂಡಿಯೂರಿದ್ದವರು ಬಾಗಿದ ಸೂಜಿಯೊಂದನ್ನು ತುಟಿಯಲ್ಲಿ ಕಚ್ಚಿಕೊಂಡು, ಎರಡೂ ಅಂಗೈಗಳಿಂದ ಸ್ಪಂಜನ್ನು ಅಲ್ಲಲ್ಲಿ ಒತ್ತಿ ನೋಡುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ಅರ್ಧ ನೆರೆತ ತಲೆ. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳ ತುದಿಗಳು.

ಅವಳನ್ನು ಕರೆತಂದಿದ್ದ ನರ್ಸಕ್ಕ ಬಾಗಿಲಲ್ಲೇ ನಿಂತು ಕೂಗಿದಳು. "ಅಣ್ಣಾ, ನಿಮಗೊಂದು ಹೊಸ ಕೇಸು ತಂದಿದ್ದೀನಿ. ನಮ್ಮ ಆಸ್ಪತ್ರೆ ಲ್ಯಾಬಿನವಳು, ನನ್ನ ರೂಮಲ್ಲೇ ಇರೋದು. ಊರಲ್ಲಿ ಗೂಡ್ಸ್ ಗಾಡಿ ಓಡಿಸಿದ್ದಾಳಂತೆ. ಇಲ್ಲಿ ಸೈಕಲ್ ಎದುರು ಬಂದ್ರೂ ಕಣ್ಣು ಮುಚ್ಕೋತಾಳೆ!"

ಅವರು ಸೂಜಿಯನ್ನು ಬಾಯಿಂದ ತೆಗೆದು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡರು.

"ಗೂಡ್ಸ್ ಗಾಡೀನಾ? ಏನ್ ತುಂಬ್ತಿದ್ರಿ ತಂಗಿ?"

"ಹಾಲಿನ ಕ್ಯಾನು. ನಮ್ಮಣ್ಣನ ಗಾಡಿ ಅದು."

"ಚೆಲ್ತಿತ್ತಾ?"

"ಮೊದಮೊದಲು ಚೆಲ್ತಿತ್ತು."

"ಆಮೇಲೆ ಚೆಲ್ಲಲಿಲ್ಲ. ಹಾಗಾದ್ರೆ ಇಲ್ಲೂ ಕಲೀತೀರಿ, ಬನ್ನಿ."

ಅವರು ಎದ್ದು, ಮಂಡಿಗೆ ಮೆತ್ತಿದ ದಾರದ ಚೂರುಗಳನ್ನು ಕೊಡವಿಕೊಂಡು, ಹೊರಗೆ ನಿಂತಿದ್ದ ನರ್ಸಕ್ಕನ ಕಾರಿನ ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟನ್ನು ನಿಧಾನವಾಗಿ ಎಳೆದು ಸಿಗಿಸಿದರು. ಸಿಕ್ಕಿತೋ ಇಲ್ಲವೋ ಎಂದು ಎದೆಯ ಹತ್ತಿರ ಒಮ್ಮೆ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. ಆಮೇಲೆ ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು "ಹೊರಡಿ" ಎಂದರು. ಆ ಪರದೇಶದ ಊರಿನಲ್ಲಿದ್ದ ನಮ್ಮವರೆಲ್ಲ ಅವರನ್ನು ಪಕ್ಕದ ಸೀಟಣ್ಣ ಎಂದು ಕರೆಯುತ್ತಿದ್ದುದು ಇದಕ್ಕೇ. ಹೊಸದಾಗಿ ಬಂದವರು ಯಾರೇ ಇರಲಿ, ರಜಾದಿನ ಹೋಗಿ ಕೇಳಿದರೆ ಪಕ್ಕದಲ್ಲಿ ಕೂತು ಅಲ್ಲಿನ ರಸ್ತೆ ಕಲಿಸುತ್ತಿದ್ದರು. ಆದರೆ ಅವರು ಸ್ಟೀರಿಂಗ್ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಗ್ಯಾರೇಜಿನೊಳಗೆ ಒಂದು ಕಾರನ್ನು ಮುಂದೆ ಸರಿಸಬೇಕಾದರೂ ಮೇಸ್ತ್ರಿಯನ್ನೇ ಕೂಗುತ್ತಿದ್ದರು.

ಅವಳು ಹುಟ್ಟಿ ಬೆಳೆದ ನಾಡಿನಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ, ಸ್ಟೀರಿಂಗ್ ಬಲಕ್ಕಿರುತ್ತದೆ. ಇಲ್ಲಿ ಎಲ್ಲ ಅದಲುಬದಲು. ಓಡುವುದು ಬಲಕ್ಕೆ, ಸ್ಟೀರಿಂಗ್ ಎಡಕ್ಕೆ. ಗೇರು ಹಾಕಲು ಹೋದ ಎಡಗೈ ಬಾಗಿಲಿಗೆ ಬಡಿಯಿತು. ತಿರುವಿನಲ್ಲಿ ಸಿಗ್ನಲ್ ಹಾಕಲು ಹೋದರೆ ಗಾಜು ಒರೆಸುವ ಕಡ್ಡಿಗಳು ಒಣಗಾಜಿನ ಮೇಲೆ ಕಿರ್ ಎಂದು ಕುಣಿದವು.

"ಮಳೆ ಬರೋ ಹಾಗಿದೆ," ಎಂದರು ಅಣ್ಣ.

ಅವಳಿಗೆ ನಗು ಬಂತು, ಕೈ ಸ್ವಲ್ಪ ಸಡಿಲವಾಯಿತು. ಆದರೆ ಮುಂದೆ ದೊಡ್ಡ ಲಾರಿಯೊಂದು ಸಿಕ್ಕಾಗ ಅವಳೊಂದು ವಿಚಿತ್ರ ಗಮನಿಸಿದಳು. ಅಣ್ಣನ ಬಲಪಾದ, ಬ್ರೇಕೇ ಇಲ್ಲದ ಕಡೆ, ನೆಲವನ್ನು ಒತ್ತಿ ಹಿಡಿದಿತ್ತು. ತುಟಿ ಅಲುಗುತ್ತಿತ್ತು. "ಈಗ ಬೇಡ... ಈಗ ಬೇಡ... ಈಗ ಬೇಡ..." ತನಗೇ ಹೇಳುತ್ತಿದ್ದಾರೆಂದು ಅವಳು ವೇಗ ತಗ್ಗಿಸಿದಳು. ಲಾರಿ ಬೇರೆ ದಾರಿ ಹಿಡಿದು ಮರೆಯಾಯಿತು. ಆದರೂ ಆ ತುಟಿ ಇನ್ನೂ ಸ್ವಲ್ಪ ಹೊತ್ತು ಅಲುಗುತ್ತಲೇ ಇತ್ತು. ಹೇಳುತ್ತಿದ್ದುದು ತನಗಲ್ಲ ಎಂದು ಆಗ ಅವಳಿಗೆ ತಿಳಿಯಿತು. ಯಾರಿಗೆ ಎಂದು ತಿಳಿಯಲಿಲ್ಲ.

ಊರ ಹೊರಗಿನ ಕೂಡುರಸ್ತೆಯಲ್ಲಿ ಒಂದೂ ವಾಹನವಿರಲಿಲ್ಲ. ಬಟಾಬಯಲು. ಅವಳು ಹಾಯಾಗಿ ತಿರುಗಿಸಿ ನೇರ ಹೊರಟಳು. ಅಣ್ಣ ಕಿರುಚಲಿಲ್ಲ. ಅಂಗೈಯನ್ನು ಮೆಲ್ಲಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದರು.

"ತಂಗಿ, ನಾವೀಗ ನಮ್ಮೂರಲ್ಲಿದ್ದೀವಿ."

ಕಾರು ಎಡಕ್ಕಿತ್ತು. ದೂರದಲ್ಲಿ, ಅದೇ ಪಟ್ಟೆಯಲ್ಲಿ, ಒಂದು ಜೊತೆ ದೀಪ ಎದುರಿಗೆ ಬರುತ್ತಿತ್ತು. ಹೇಗೋ ಬಲಕ್ಕೆ ತಂದು ಪಕ್ಕಕ್ಕೆ ನಿಲ್ಲಿಸಿದಳು.

"ಗಿಜಿಗಿಜಿ ರಸ್ತೇಲಿ ಭಯವಿಲ್ಲ, ಮುಂದಿನವರ ಬಾಲ ಹಿಡ್ಕೊಂಡು ಹೋಗಬಹುದು," ಎಂದರು ಅಣ್ಣ. "ಖಾಲಿ ರಸ್ತೇಲೇ ಊರು ನೆನಪಾಗೋದು."

*

ಕಾರು ಅವಳಿಗೆ ಶೋಕಿಗೆ ಬೇಕಾಗಿರಲಿಲ್ಲ. ಮುಂದಿನ ತಿಂಗಳು ಅವಳ ಗಂಡ ಮತ್ತು ಮಗಳು ಬರುವವರಿದ್ದರು. ಅವರಿಗಾಗಿ ಹಿಡಿದಿದ್ದ ಮನೆ ಊರಿನ ಅಂಚಿನಲ್ಲಿತ್ತು. ಅಲ್ಲಿಂದ ಮಗಳ ಶಾಲೆಗಾಗಲಿ ಆಸ್ಪತ್ರೆಗಾಗಲಿ ಹೆದ್ದಾರಿಯಲ್ಲೇ ಹೋಗಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡನಿಗೆ ದೂರದ ನೋಟ ಮಂದ. ದಪ್ಪ ಕನ್ನಡಕ ಹಾಕಿದರೂ ಎದುರಿನ ಬಸ್ಸಿನ ಫಲಕ ಬಸ್ಸು ಬಾಗಿಲಿಗೆ ಬಂದು ನಿಂತ ಮೇಲೇ ಕಾಣುತ್ತಿದ್ದುದು. ಹಾಗಾಗಿ ಮನೆಯ ಮೂರೂ ಜೀವಗಳು ಅವಳ ಎರಡು ಕೈಗಳಲ್ಲಿದ್ದವು. ಆ ಕೈಗಳೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿದ್ದವು.

ಲ್ಯಾಬಿನಲ್ಲಿ ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುವಾಗ ಅವಳ ಕೈ ಎಂದೂ ತಪ್ಪಿದ್ದಿಲ್ಲ. ಗರಗರ ತಿರುಗುವ ಯಂತ್ರದಲ್ಲಿ ಎದುರುಬದುರು ಕೊಳವೆಗಳನ್ನು ಸಮತೂಕಕ್ಕೆ ಜೋಡಿಸುವುದನ್ನು ಕಣ್ಣುಮುಚ್ಚಿ ಮಾಡುತ್ತಿದ್ದಳು. ಒಗ್ಗಿದ ಕೈ ಎಂದರೆ ಅದು. ಕೂಡುರಸ್ತೆಯ ಆ ಎರಡು ದೀಪಗಳನ್ನು ನೆನೆದಾಗಲೆಲ್ಲ ಅವಳಿಗೆ ಒಂದೇ ಯೋಚನೆ: ಕೈಗೆ ಒಗ್ಗಿದ್ದೇ ಕ್ಷೇಮ.

ಹಾಗೆಂದು ಯೋಚಿಸುತ್ತಿದ್ದವಳಿಗೇ ನಗುಮುಖದ ದಲ್ಲಾಳಿ ಸಿಕ್ಕಿದ. ಹಳೆಯ ಕಾರುಗಳನ್ನು ಕೊಂಡು ಮಾರುವ ಈತನೂ ನಮ್ಮವನೇ. ಬೈದರೂ ನಗುತ್ತಾನೆ, ಬೈಸಿಕೊಂಡರೂ ನಗುತ್ತಾನೆ.

"ಅಕ್ಕಾ, ನಿಮಗೋಸ್ಕರವೇ ಒಂದು ತಂದಿದ್ದೀನಿ," ಎಂದ. "ಸ್ಟೀರಿಂಗ್ ಬಲಗಡೆ! ನಮ್ಮೂರ ಥರಾನೇ. ಹೊರದೇಶದಿಂದ ಹಡಗಲ್ಲಿ ಬಂದಿದ್ದು. ಕೂತ್ಕೊಳ್ಳಿ, ಅಮ್ಮನ ಮನೆಗೆ ಹೋದಂಗಿರುತ್ತೆ."

ಬೆಳ್ಳಿ ಬಣ್ಣದ ಪುಟ್ಟ ಕಾರು. ಅವಳು ಬಲಗಡೆಯ ಬಾಗಿಲು ತೆಗೆದು ಕೂತಳು. ಎಡಗೈ ತಾನೇ ತಾನಾಗಿ ಗೇರಿನ ಮೇಲೆ ಹೋಗಿ ಕೂತಿತು. ಕಣ್ಣು ತುಂಬಿ ಬಂತು. ವಾರದ ಮಟ್ಟಿಗೆ ಇಟ್ಟುಕೊಂಡು ಓಡಿಸಿ ನೋಡಿ, ಆಮೇಲೆ ಹೇಳಿ ಎಂದು ದಲ್ಲಾಳಿ ಕೀಲಿ ಕೊಟ್ಟ. ಪಕ್ಕದ ಸೀಟಣ್ಣನಿಗೆ ಅವಳು ಈ ವಿಷಯ ಹೇಳಲಿಲ್ಲ. ಬಲಗಡೆ ಸ್ಟೀರಿಂಗಿನ ಕಾರು ಎಂದರೆ ಸಾಕು, ಅವರು ನೋಡದೆಯೇ ಬೇಡ ಅನ್ನುತ್ತಾರೆ, ಕೇಳಿದರೆ ಕಾರಣ ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನರ್ಸಕ್ಕ ಮಾತ್ರ ಬಿಡಲಿಲ್ಲ. "ಹಳೇ ಗಂಡನ ಪಾದವೇ ಗತಿ ಅಂತ ಮತ್ತೆ ಬಲಗಡೆಗೇ ಹೋದ್ಯಲ್ಲೇ!"

"ಹಳೇ ಗಂಡನೇ ತಾನೇ ಅಕ್ಕ ಬರ್ತಿರೋದು," ಎಂದಳು ಅವಳು.

*

ಸದ್ದು ಶುರುವಾದದ್ದು ಮೊದಲ ದಿನದ ಸಂಜೆಯೇ.

ಕೆಲಸ ಮುಗಿಸಿ, ಆಸ್ಪತ್ರೆಯ ಹಿಂದಿನ ಅಂಗಳದಿಂದ ಕಾರು ತೆಗೆದಳು. ಗೇಟು ದಾಟಿದ್ದೇ ಟಿಂಗ್, ಟಿಂಗ್, ಟಿಂಗ್ ಎಂದು ಸದ್ದಾಗತೊಡಗಿತು. ತನ್ನ ಬೆಲ್ಟು ನೋಡಿಕೊಂಡಳು, ಹಾಕಿತ್ತು. ಎದುರಿನ ಫಲಕದಲ್ಲಿ ಪುಟ್ಟ ಕೆಂಪು ಬೊಂಬೆಯೊಂದು ಮಿನುಗುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂದು ಅದರ ಅರ್ಥ.

ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಚೀಲವಿರಲಿಲ್ಲ, ಊಟದ ಡಬ್ಬಿಯಿರಲಿಲ್ಲ. ಬೂದುಬಣ್ಣದ ಬಟ್ಟೆಯ ಸೀಟು, ನಡುವಿನಲ್ಲಿ ತುಸು ಉಬ್ಬಿಕೊಂಡು, ಖಾಲಿ ಕೂತಿತ್ತು.

ಅವಳು ನಿಲ್ಲಿಸಿ, ಕೈಯಿಂದ ಸೀಟನ್ನು ಸವರಿದಳು. ಸದ್ದು ನಿಂತಿತು. ಹೊರಟಳು. ಒಂದು ತಿರುವು ದಾಟುತ್ತಲೇ ಮತ್ತೆ ಟಿಂಗ್, ಟಿಂಗ್. ಕತ್ತಲಾಗುತ್ತಿದ್ದ ರಸ್ತೆಯಲ್ಲಿ, ಒಂಟಿಯಾಗಿ, ಖಾಲಿ ಸೀಟೊಂದು ತಾನಿದ್ದೇನೆ ತಾನಿದ್ದೇನೆ ಎಂದು ಹೇಳುತ್ತಿದ್ದರೆ ಯಾರ ಬೆನ್ನಾದರೂ ತಣ್ಣಗಾಗುತ್ತದೆ. ಅವಳು ಓದಿದವಳು. ಅದೇನೋ ತಂತಿಯ ದೋಷ ಎಂದು ಗೊತ್ತಿತ್ತು. ಗೊತ್ತಿದ್ದೂ ಮನೆ ಮುಟ್ಟುವವರೆಗೆ ಎಡಕ್ಕೆ ತಿರುಗಿ ನೋಡಲಿಲ್ಲ.

"ನಿನ್ನ ಗಂಡನೇ ಇರಬೇಕು," ಎಂದಳು ನರ್ಸಕ್ಕ. "ವೀಸಾ ಬರೋ ತನಕ ತಡೀಲಾರದೆ ಬಂದು ಕೂತ್ಕೊಂಡಿದ್ದಾನೆ."

"ಸುಮ್ನಿರಕ್ಕ, ನಂಗೆ ನಿಜವಾಗ್ಲೂ ಹೆದರಿಕೆ ಆಗ್ತಿದೆ."

ಮರುದಿನ ದಲ್ಲಾಳಿಗೆ ಫೋನು ಮಾಡಿದರೆ ಅವನು ಫೋನಿನಲ್ಲೂ ನಕ್ಕ. "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಸೀಟಿನ ಬೆಲ್ಟನ್ನ ಸುಮ್ನೆ ಹಿಂದಿನಿಂದ ಎಳೆದು ಸಿಗಿಸ್ಬಿಡಿ. ಸದ್ದು ಬಂದ್! ಕೂರೋರು ಅದರ ಮೇಲೇ ಕೂತ್ಕೊಂಡ್ರಾಯ್ತು."

ಅವಳು ಹಾಗೇ ಮಾಡಿದಳು. ಸದ್ದು ನಿಂತಿತು. ಈಗ ಖಾಲಿ ಸೀಟು ಬೆಲ್ಟು ಕಟ್ಟಿಕೊಂಡು ಕೂತಿತ್ತು. ಮೊದಲಿಗಿಂತ ಈಗಲೇ ಅಲ್ಲಿ ಯಾರೋ ಇದ್ದಂತೆ ಕಾಣುತ್ತಿತ್ತು.

ವಾರದ ನಡುವೆ ಹೊಸ ಮನೆಯ ಕೀಲಿ ತರಲು ಹೆದ್ದಾರಿ ಹಿಡಿದಳು. ಬೆಳಗಿನ ಹೊತ್ತು, ತೆಳ್ಳಗೆ ಮಂಜು. ಹೆದ್ದಾರಿ ಎಂದರೆ ಹೋಗುವುದಕ್ಕೊಂದು ಪಟ್ಟೆ, ಬರುವುದಕ್ಕೊಂದು, ಅಷ್ಟೇ. ಮುಂದೆ ಮರದ ದಿಮ್ಮಿ ಹೊತ್ತ ಲಾರಿ ಆಮೆಯಂತೆ ತೆವಳುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಲಾರಿಯನ್ನು ದಾಟಬೇಕು. ಆದರೆ ಅವಳು ಕೂತಿದ್ದದ್ದು ಬಲಕ್ಕೆ, ರಸ್ತೆಯ ಅಂಚಿಗೆ. ಅಲ್ಲಿಂದ ಲಾರಿಯ ಹಿಂಭಾಗ ಬಿಟ್ಟರೆ ಏನೂ ಕಾಣದು. ಎದುರಿನ ಪಟ್ಟೆ ಕಾಣುವುದು ಪಕ್ಕದ ಸೀಟಿನಲ್ಲಿ ಕೂತವರಿಗೆ ಮಾತ್ರ.

ಅವಳು ಕಾರನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಸಿದಳು. ಇನ್ನೂ ಕಾಣಲಿಲ್ಲ. ಆಗ ತನ್ನದೇ ದನಿ ಕೇಳಿಸಿತು.

"ನೋಡಿ ಸ್ವಲ್ಪ, ದಾರಿ ಇದೆಯಾ?"

ಕೇಳಿದ್ದು ಖಾಲಿ ಸೀಟನ್ನು. ಕೇಳಿ, ಉತ್ತರಕ್ಕೆ ಕಾದಳು ಕೂಡ. ಆ ಕಾದ ಗಳಿಗೆಯಲ್ಲೇ ಮಂಜಿನೊಳಗಿಂದ ಬಸ್ಸೊಂದು ಮೂತಿ ತೂರಿಸಿತು. ಅವಳು ಸ್ಟೀರಿಂಗ್ ಎಳೆದಳು. ಬಸ್ಸಿನ ಗಾಳಿ ಕಾರನ್ನು ತೊಟ್ಟಿಲಿನಂತೆ ತೂಗಿ ಹೋಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವಳಿಗೆ ಆ ಸಾವಿರ ವರ್ಷದ ನೆನಪೇ ಆಗಲಿಲ್ಲ. ಮುಂದಿನ ತಿಂಗಳು ಆ ಸೀಟಿನಲ್ಲಿ ದಪ್ಪ ಕನ್ನಡಕದ ಗಂಡ ಕೂತು, ಕಾಣದ ರಸ್ತೆಯನ್ನು ನೋಡಿ ಹೇಳಬೇಕಾಗುತ್ತದೆ ಎಂಬುದೊಂದೇ ಕಣ್ಣೆದುರು ಬಂತು. ಹಿಂದಿನ ಸೀಟಿನಲ್ಲಿ ಮಗಳು.

ಕೀಲಿ ತರಲು ಹೋಗದೆ ನೇರ ಗ್ಯಾರೇಜಿಗೆ ತಿರುಗಿಸಿದಳು.

*

ಗ್ಯಾರೇಜಿನ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬೆಲ್ಟು ಬಿಚ್ಚಿ ಕೀಲಿ ತಿರುಗಿಸಿದ. ಟಿಂಗ್, ಟಿಂಗ್.

"ಸೀಟಿನ ಕೆಳಗೆ ತೂಕ ನೋಡೋ ಹಾಸೊಂದಿರುತ್ತಮ್ಮ," ಎಂದ. "ಯಾರಾದ್ರೂ ಕೂತ್ರೆ ಅದಕ್ಕೆ ಗೊತ್ತಾಗುತ್ತೆ. ಇಲ್ಲಿ ಏನೋ ಅದನ್ನ ಒತ್ತುತಾ ಇದೆ. ಸೀಟು ಬಿಚ್ಚಬೇಕು. ಅದು ನನ್ ಕೆಲಸ ಅಲ್ಲ, ಅಣ್ಣಂದು." ಮತ್ತೆ ಬೆಲ್ಟನ್ನು ಮೊದಲಿದ್ದ ಹಾಗೇ ಸಿಗಿಸಿ, ಸದ್ದು ನಿಲ್ಲಿಸಿ, ಹಿಂಬದಿಗೆ ಕೂಗಿದ. "ಅಣ್ಣಾ, ಒಂದ್ನಿಮಿಷ!"

ಅವರು ಕಾಲರಿನಲ್ಲಿ ಸೂಜಿ ಸಿಕ್ಕಿಸಿಕೊಂಡೇ ಬಂದರು. ಅವಳನ್ನು ನೋಡಿ ನಕ್ಕರು. "ಏನ್ ತಂಗಿ, ಹಾಲು ಚೆಲ್ತಾ?" ಆಮೇಲೆ ಕಾರಿನ ಬಲಗಡೆಯ ಸ್ಟೀರಿಂಗ್ ಕಂಡಿತು. ನಗು ಹಾಗೇ ನಿಂತಿತು. ಎಡಬಾಗಿಲಿನ ಗಾಜಿನಿಂದ ಒಳಗೆ ಬಗ್ಗಿದರು. ಖಾಲಿ ಸೀಟಿನ ಬೆನ್ನಿಗೆ ಬಿಗಿದು ಸಿಗಿಸಿದ್ದ ಬೆಲ್ಟು ಕಂಡಿತು.

ಬಹಳ ಹೊತ್ತು ಅವರು ಹಾಗೇ ಬಗ್ಗಿಕೊಂಡೇ ಇದ್ದರು.

"ಇದನ್ನ ಹೀಗೆ ಹಾಕಿದ್ದು ಯಾರು?"

"ನಾನೇ ಅಣ್ಣ. ಸದ್ದು ಬರ್ತಿತ್ತು. ದಲ್ಲಾಳಿ ಹೇಳಿದ, ಹಿಂದಿನಿಂದ ಹಾಕು ಅಂತ."

"ಹೇಳ್ತಾರೆ," ಎಂದರು ಅವರು. "ಎಲ್ಲರೂ ಹಾಗೇ ಹೇಳ್ತಾರೆ."

ಬಾಗಿಲು ತೆಗೆದು, ಸೀಟಿನ ಮುಂಭಾಗಕ್ಕೆ ಅಂಗೈ ಇಟ್ಟರು. ಎಂದಿನಂತೆ ಅಲ್ಲಲ್ಲಿ ಒತ್ತಿ ನೋಡಲಿಲ್ಲ. ಕೈ ನೇರ ಆ ಉಬ್ಬಿನ ಮೇಲೆ ಹೋಗಿ, ಅದರ ಅಂಚಿನಗುಂಟ ಒಂದು ಸುತ್ತು ಹರಿಯಿತು, ಕತ್ತಲಲ್ಲಿ ಸ್ವಂತ ಮನೆಯ ಗೋಡೆ ಸವರಿಕೊಂಡು ಹೋಗುವವರ ಕೈಯಂತೆ. ಬೆಲ್ಟಿನ ಕೊಂಡಿ ಬಿಚ್ಚಿದರು.

"ಮೇಸ್ತ್ರಿ, ಕೀಲಿ ತಿರುಗಿಸಿ."

ಟಿಂಗ್, ಟಿಂಗ್, ಟಿಂಗ್.

"ಎಷ್ಟು ದಿನದಿಂದ ಕರೀತಿದೆ?" ಎಂದು ಅವಳನ್ನು ಕೇಳಿದರು.

"ತಂದಾಗಿನಿಂದ."

ಅವರು ಮಂಡಿಯೂರಿದರು. ಮೇಸ್ತ್ರಿ ಕೀಲಿ ಹಿಂತಿರುಗಿಸಲು ಹೋದಾಗ ಬೇಡವೆಂದು ಕೈಯೆತ್ತಿದರು. ಆ ಸದ್ದು ನಡೆಯುತ್ತಿದ್ದಂತೆಯೇ ಸೀಟಿನ ಹೊದಿಕೆಯ ಹೊಲಿಗೆಯನ್ನು ಸಣ್ಣ ಚೂರಿಯಿಂದ ಬಿಡಿಸತೊಡಗಿದರು. ಮೇಲಿನದು ಯಂತ್ರದ ಹೊಲಿಗೆ. ಅದರಡಿ ಇನ್ನೊಂದು ಬಟ್ಟೆ, ಅದಕ್ಕೆ ಕೈಹೊಲಿಗೆ. ಕಂದು ದಾರ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಅವಳು ನರ್ಸಕ್ಕನ ಕಾರಿನ ಸೀಟಿನಲ್ಲಿ ಅದೇ ಹೊಲಿಗೆಯನ್ನು ಎಷ್ಟು ಸಲ ಬೆರಳಿನಿಂದ ಸವರಿದ್ದಳು! ಆ ಊರಿನಲ್ಲಿ ಹಾಗೆ ಹೊಲಿಯುತ್ತಿದ್ದವರು ಒಬ್ಬರೇ.

ಕೊನೆಯ ದಾರ ಕಡಿದು, ಒಳಗಿನಿಂದ ಒಂದು ದಿಂಬನ್ನು ಮೆಲ್ಲಗೆ ಹೊರಗೆಳೆದರು. ಕುರ್ಚಿಯ ಮೇಲೆ ಹಾಕಿಕೊಳ್ಳುವಷ್ಟು ಅಗಲದ, ಗಟ್ಟಿಯಾದ ದಿಂಬು. ಅದು ಹೊರಬಂದದ್ದೇ ಸದ್ದು ಅರ್ಧಕ್ಕೇ ನಿಂತುಹೋಯಿತು.

ಕಾರಿನ ಫಲಕದಲ್ಲಿ ಕೆಂಪು ಬೊಂಬೆ ಆರಿತ್ತು.

"ಎದ್ದಳು," ಎಂದರು ಅಣ್ಣ.

*

ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೇ ಕೂತರು. ಅವಳೂ ಎದುರಿಗೆ ಕೂತಳು. ಮೇಸ್ತ್ರಿ ನೀರು ತಂದಿಟ್ಟು ದೂರ ಸರಿದ.

"ಕಾರು ಅದಲ್ಲ," ಎಂದರು. "ನಮ್ಮದು ನೀಲಿ. ಅದು ಗುಜರಿಗೆ ಹೋಯ್ತು, ನಾನೇ ನೋಡಿದ್ದೀನಿ. ಈ ಥರ ಸೀಟು ಇಲ್ಲಿ ಎಲ್ಲೂ ಸಿಗಲ್ಲ, ಅದಕ್ಕೇ ಗುಜರಿಯವನು ಕಿತ್ತಿಟ್ಟಿರ್ತಾನೆ. ಈ ಕಾರಿಗೆ ಅದನ್ನೇ ಕೂರಿಸಿ, ಮೇಲೆ ಹೊಸ ಬಟ್ಟೆ ಹಾಕಿದ್ದಾರೆ ಅಷ್ಟೆ. ಒಳಗೆ ಯಾರೂ ನೋಡಿಲ್ಲ."

"ಅತ್ತಿಗೆಗೆ ಮಾಡಿದ್ದಾ ಅಣ್ಣ ಇದು?"

"ಅವಳು ಕುಳ್ಳಿ. ಕೂತ್ರೆ ಮೂಗಿನ ತನಕ ಕಾರು, ಮೇಲೆ ಆಕಾಶ." ಒಂದು ಗಳಿಗೆ ಅವರ ತುಟಿಯಲ್ಲಿ ನಗು ಸುಳಿಯಿತು. "ನಾನೂ ನಿಮ್ಮ ಹಾಗೇ. ಕೈಗೆ ಒಗ್ಗಿದ್ದು ಅಂತ ಬಲಗಡೆ ಸ್ಟೀರಿಂಗೇ ತಗೊಂಡೆ. ಆಮೇಲೆ ಮುಂದಿನ ಲಾರಿ ದಾಟಬೇಕಾದ್ರೆ ಅವಳೇ ನೋಡಿ ಹೇಳಬೇಕು. ಅವಳಿಗೆ ಕಾಣಲಿ ಅಂತ ಇದನ್ನ ಹೊಲಿದು ಎತ್ತರ ಮಾಡಿದೆ. 'ರಾಣಿ ಥರ ಕೂರಿಸಿದ್ದೀರಿ' ಅಂತಿದ್ಲು. ಅವತ್ತಿನಿಂದ ಶುರುವಾಯ್ತು ಈ ಸದ್ದು. ಅವಳಿದ್ರೂ ಟಿಂಗ್, ಇಲ್ಲದಿದ್ರೂ ಟಿಂಗ್. ಬೆಲ್ಟ್ ಹಾಕಿದ್ರೆ ಮುಂದಕ್ಕೆ ಬಗ್ಗಿ ನೋಡೋಕಾಗಲ್ಲ ಅಂತ ಅವಳದು ಬೇರೆ ತಕರಾರು. ಒಂದಿನ ನಾನೇ ಹಿಂದಿನಿಂದ ಸಿಗಿಸ್ಬಿಟ್ಟೆ. ಇಬ್ಬರಿಗೂ ಆರಾಮ."

ಹೊರಗೆ ರಸ್ತೆಯಲ್ಲಿ ದೊಡ್ಡದೊಂದು ವಾಹನ ಹಾದುಹೋಯಿತು. ಅವರ ಬಲಪಾದ ನೆಲವನ್ನು ಒತ್ತಿತು.

"ದಾರಿ ಇದೆ ಅಂದ್ಲು, ತಂಗಿ. ಅವಳು ಹೇಳಿದಾಗ ಇತ್ತು ಕೂಡ. ನಾನು ಗೇರು ಬದಲಾಯಿಸಿ ಹೊರಡೋ ಅಷ್ಟರಲ್ಲಿ ಇರಲಿಲ್ಲ. ನೋಡೋ ಕಣ್ಣು ಒಬ್ಬರದು, ತಿರುಗಿಸೋ ಕೈ ಇನ್ನೊಬ್ಬರದು. ನಡುವೆ ಒಂದು ಉಸಿರಿನಷ್ಟು ತಡ ಆಗುತ್ತೆ. ಆ ಉಸಿರು..." ಅವರು ಅಲ್ಲಿಗೇ ನಿಲ್ಲಿಸಿದರು.

ಅವಳು ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಟ್ಟಳು. "ಬೆಳಿಗ್ಗೆ ನಾನೂ ಕೇಳಿದೆ ಅಣ್ಣ. ಆ ಖಾಲಿ ಸೀಟನ್ನ. ದಾರಿ ಇದೆಯಾ ಅಂತ."

ಅವರು ತಲೆಯೆತ್ತಿದರು. ಆ ಕಣ್ಣುಗಳಲ್ಲಿದ್ದ ಆಸೆ ನೋಡಿ ಅವಳಿಗೆ ಭಯವಾಯಿತು.

"ಏನಂದ್ಲು?"

ಏನೂ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿ, ಕಾದದ್ದು ನಿಜ. ಕಾದದ್ದರಿಂದಲೇ ಕಾರು ಪೂರ್ತಿ ಎಡಕ್ಕೆ ಹೋಗದೆ ಉಳಿದದ್ದೂ ನಿಜ.

"ಈಗ ಬೇಡ ಅಂದ ಹಾಗಾಯ್ತು," ಎಂದಳು.

ಅವರು ದಿಂಬಿನ ಮೇಲೆ ಕೈಯಾಡಿಸಿದರು. ತಲೆಯಾಡಿಸಿದರು. ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಕೆಲಸದ ದನಿಯಲ್ಲಿ ಹೇಳಿದರು. "ಕಾರು ವಾಪಸ್ ಕೊಟ್ಬಿಡಿ. ಸೀಟು ಹೊಲಿದು ಕೊಡ್ತೀನಿ, ದಿಂಬಿಲ್ಲದೆ."

*

ದಲ್ಲಾಳಿಗೆ ಅಂದು ಮಾತ್ರ ನಗು ಬರಲಿಲ್ಲ. "ಕಾರಲ್ಲಿ ಏನಕ್ಕಾ ತಪ್ಪು? ಇಂಜಿನ್ ಚಿನ್ನ! ಸದ್ದೂ ನಿಂತಿದೆ!"

"ಕಾರಲ್ಲಿ ಏನೂ ತಪ್ಪಿಲ್ಲ. ನಮ್ಮನೆಯವರ ಕನ್ನಡಕದಲ್ಲಿದೆ," ಎಂದು ಕೀಲಿ ಕೈಗಿಟ್ಟಳು. "ಇದನ್ನ ಇಲ್ಲಿ ಯಾರಿಗೂ ಕೊಡಬೇಡಿ. ಎಡಕ್ಕೆ ಓಡೋ ಕಡೆಗೆ ಕಳಿಸಿ."

ಮೇಸ್ತ್ರಿ ಬೆನ್ನುಹತ್ತಿ, ಗೊಣಗುತ್ತಿದ್ದ ಅವನನ್ನು ಒಪ್ಪಿಸಿದ. ಬೆಳ್ಳಿ ಕಾರು ಬಂದ ಹಾಗೇ ಹಡಗು ಹತ್ತಿತು.

ಅವಳು ಕೊನೆಗೆ ಕೊಂಡದ್ದು ಯಾರೂ ತಿರುಗಿ ನೋಡದ, ಅಗಲ ಮೂತಿಯ, ಮಣ್ಣುಬಣ್ಣದ ಹಳೆಯ ಕಾರು. ಸ್ಟೀರಿಂಗ್ ಎಡಕ್ಕೆ. ಕೂತರೆ ರಸ್ತೆಯ ನಡುಗೆರೆ ಕಣ್ಣಿಗೇ ಕಾಣುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಅಣ್ಣ ಪ್ರತಿ ರಜಾದಿನ ಪಕ್ಕದಲ್ಲಿ ಕೂತರು. ಬೇಕೆಂದೇ ಖಾಲಿ ರಸ್ತೆಗಳಿಗೆ ಕರೆದೊಯ್ದರು. ಪ್ರತಿ ಕೂಡುರಸ್ತೆಯಲ್ಲೂ "ಈಗ ಎಲ್ಲಿದ್ದೀವಿ?" ಎಂದು ಕೇಳುತ್ತಿದ್ದರು. "ಇಲ್ಲೇ ಅಣ್ಣ, ಇಲ್ಲೇ," ಎಂದು ಅವಳು ಬಲಕ್ಕೆ ತಿರುಗಿಸುತ್ತಿದ್ದಳು. ಒಂದು ದಿನ ಸಿಗ್ನಲ್ ಹಾಕಿದರೆ ಸಿಗ್ನಲ್ಲೇ ಬಂತು. "ಅಯ್ಯೋ, ಮಳೆ ಹೋಯ್ತಲ್ಲ," ಎಂದರು ಅಣ್ಣ.

ವಿಮಾನ ನಿಲ್ದಾಣಕ್ಕೆ ಅವಳು ಒಬ್ಬಳೇ ಹೋದಳು. ಬರುವಾಗ ಸೀಟು ಬೇಕಲ್ಲ ಎಂದು ಅಣ್ಣ ಜೊತೆಗೆ ಬರಲಿಲ್ಲ. ಮಗಳನ್ನು ಹಿಂದೆ ಕೂರಿಸಿ ಬೆಲ್ಟು ಬಿಗಿದಳು. ಗಂಡ ಪಕ್ಕದಲ್ಲಿ ಕೂತು, ಎಷ್ಟೋ ತಿಂಗಳ ಮೇಲೆ ಕಂಡ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಕಾರು ಹೊರಟದ್ದೇ ಟಿಂಗ್, ಟಿಂಗ್ ಎಂದಿತು. ಅವಳು ನಡುದಾರಿಯಲ್ಲೇ ಗಕ್ಕನೆ ನಿಲ್ಲಿಸಿದಳು. ಹಿಂದಿನವರು ಹಾರ್ನ್ ಹೊಡೆದರು.

"ಏನಾಯ್ತೇ?" ಎಂದ ಗಂಡ ಗಾಬರಿಯಾಗಿ.

"ಬೆಲ್ಟ್ ಹಾಕ್ಕೊಳ್ಳಿ."

"ಹಾಕ್ಕೋತೀನಿ ಮಾರಾಯ್ತಿ, ನಡಿ, ಹಿಂದಿನವರು ಕೂಗ್ತಿದ್ದಾರೆ."

"ಕೂಗಲಿ."

ಅವನು ಸಿಗಿಸಿದ. ಸದ್ದು ನಿಂತಿತು. ಅವಳು ಕೈಚಾಚಿ, ಅವನ ಎದೆಯ ಹತ್ತಿರ ಬೆಲ್ಟನ್ನು ಒಮ್ಮೆ ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು. ಆಮೇಲೆ ಹೊರಟಳು.

ಪಕ್ಕದ ಸೀಟಣ್ಣ ಈಗಲೂ ಅದೇ ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿದ್ದಾರೆ. ಆ ದಿಂಬು ಅವರ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲಿರುತ್ತದೆ. ಬಂದವರು ಅಲ್ಲಿ ಕೂರಲು ಹೋದರೆ ಬೇರೆ ಸ್ಟೂಲು ತೋರಿಸುತ್ತಾರೆ. ವಾರವಿಡೀ ಕಾರಿನ ಸೀಟುಗಳನ್ನು ಹೊಲಿಯುತ್ತಾರೆ. ಯಾವ ಸೀಟನ್ನೂ ಎತ್ತರ ಮಾಡಿಕೊಡುವುದಿಲ್ಲ. ರಜಾದಿನ ಹೊಸದಾಗಿ ಬಂದವರ ಪಕ್ಕದಲ್ಲಿ ಕೂತು ಅಲ್ಲಿನ ರಸ್ತೆ ಕಲಿಸುತ್ತಾರೆ. ಗಾಡಿ ಓಡಿಸುವುದಿಲ್ಲ.